ಅಕ್ಕನ ಕಬಡ್ಡಿ, ನನ್ನ ಕೈಯ ಮೈಕು

ನಾನಿನ್ನೂ ಅರ್ಧ ಚಡ್ಡಿ ತೊಡುತ್ತಿದ್ದ ಕಾಲವದು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ತೋಡೂರಿನ ನಮ್ಮ ಮನೆಯಲ್ಲಿ ಅಪ್ಪ, ಅಕ್ಕ, ನಾನು ಮೂವರೇ. ಅಪ್ಪ ಕೂಲಿಗೆ ಹೋಗುತ್ತಿದ್ದ. ಅಕ್ಕ ಕಾಲೇಜಿನಲ್ಲಿ ಓದುತ್ತ ಕಬಡ್ಡಿ ಆಡುತ್ತಿದ್ದಳು. ಅವಳ ಮೊಣಕಾಲಿನ ಗಾಯ ಪೂರ್ತಿ ಒಣಗಿದ್ದನ್ನು ನಾನು ಕಂಡೇ ಇಲ್ಲ. ಮನೆ ತುಂಬ ನೋವಿನ ಮುಲಾಮಿನ ವಾಸನೆ.

ಒಂದು ಭಾನುವಾರ ಅಂಕೋಲೆಯಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಪಂದ್ಯವಿತ್ತು. ಅಕ್ಕ ಬೆಳಿಗ್ಗೆಯೇ ತಂಡದ ಜೊತೆ ಹೋಗಿದ್ದಳು. ಅಪ್ಪನೂ ನಾನೂ ಟೆಂಪೋ ಹಿಡಿದು, ಬಾಳೆಗುಳಿಯಲ್ಲಿ ಇಳಿದು ಮೈದಾನದವರೆಗೆ ನಡೆದೆವು. ನೀರು ಚಿಮುಕಿಸಿದ ಕೆಂಪು ಮಣ್ಣು ಬಿಸಿಲಿಗೆ ಘಮ್ಮೆನ್ನುತ್ತಿತ್ತು. ಹುರಿದ ಶೇಂಗಾ, ಬೀಡಿ ಹೊಗೆ, ನೂಕುನುಗ್ಗಲು. ಊರಿನ ಕೇಬಲ್ ಟಿವಿಯವರು ಕ್ಯಾಮೆರಾ ನಿಲ್ಲಿಸಿದ್ದರು. ಮೈಕಿನಲ್ಲಿ ಒಬ್ಬರು ಆಟದ ವಿವರಣೆ ಕೊಡುತ್ತಿದ್ದರು. ಗಂಡಸರ ಪಂದ್ಯವಾದರೆ ಯಾರು ಯಾರ ಕಾಲು ಹಿಡಿದರೆಂದು ಒಂದನ್ನೂ ಬಿಡದೆ ಹೇಳುವ ಮನುಷ್ಯ. ಅಂದು ಮಾತ್ರ ಯಾರ ಜಡೆ ಉದ್ದ, ಯಾರ ನಗು ಚೆಂದ ಎಂಬುದೇ ಅವರ ಮಾತು.

ಆಡುವವಳು ನನ್ನ ಅಕ್ಕ ಎಂದು ತಿಳಿದದ್ದೇ ಅವರು ನನ್ನನ್ನು ಕರೆದರು. "ಬಾ ತಮ್ಮಾ. ನಿನ್ನ ಅಕ್ಕ ಮನೇಲಿ ಹ್ಯಾಗೆ, ಹೇಳು ನೋಡ್ವಾ."

ಮೈಕು ನನ್ನ ಕೈಗೆ ಬಂತು. ಅದಕ್ಕೆ ಎಲೆಯಡಿಕೆಯ ವಾಸನೆಯಿತ್ತು. "ನಮ್ಮಕ್ಕ ಜಿರಲೆ ಕಂಡ್ರೆ ಮಂಚ ಹತ್ತತಾಳೆ" ಎಂದೆ. ಜನ ಹೋ ಎಂದು ನಕ್ಕರು. ಆ ನಗು ನನಗೆ ಇನ್ನೂ ಬೇಕೆನಿಸಿತು. "ಕಪ್ಪು ಹೋಗ್ಲಿ ಅಂತ ದಿನಾ ಮುಖಕ್ಕೆ ಕಡಲೆಹಿಟ್ಟು ಬಳೀತಾಳೆ. ಆದ್ರೂ ಮೊನ್ನೆ ನೋಡೂಕೆ ಬಂದ ಗಂಡು ಒಲ್ಲೆ ಅಂದ."

ನಗು ಜೋರಾಯಿತು. ಕ್ಯಾಮೆರಾ ಅಂಕಣವನ್ನು ಬಿಟ್ಟು ನನ್ನತ್ತ ತಿರುಗಿತು. ದಾಳಿಗೆ ಹೊರಟಿದ್ದ ಅಕ್ಕ ನಡುಗೆರೆಯ ಬಳಿ ಒಂದು ಕ್ಷಣ ನಿಂತಳು. ಆಮೇಲೆ ಉಸಿರು ಕಟ್ಟಿ ಎದುರಾಳಿಗಳ ಮೇಲೆ ನುಗ್ಗಿದಳು. ನಾನು ಅವಳನ್ನು ನೋಡಲಿಲ್ಲ. ನಗುವವರ ಮುಖ ನೋಡುತ್ತಿದ್ದೆ.

ಅವಳ ತಂಡವೇ ಗೆದ್ದಿತು. ಆದರೆ ಮನೆಗೆ ಬಂದದ್ದೇ ಅಪ್ಪ ಹೇಳಿದ, "ಜಿಲ್ಲಾ ತಂಡದ ಆಯ್ಕೆಗೆ ಕಾರವಾರಕ್ಕೆ ಹೋಗೂದು ಬ್ಯಾಡ. ಊರ ಬಾಯಿಗೆ ಬಿದ್ದದ್ದು ಸಾಕು."

ತಪ್ಪು ನನ್ನದು, ಅಕ್ಕನನ್ನು ಕಳಿಸು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅಕ್ಕ ಅಪ್ಪನ ಜೊತೆ ವಾದಿಸಲಿಲ್ಲ, ನನಗೂ ಬಯ್ಯಲಿಲ್ಲ. ಮೊಣಕಾಲಿನ ಮಣ್ಣು ತೊಳೆಯುತ್ತ ಕೇಳಿದಳು, "ತಮ್ಮಾ, ನಾ ಹ್ಯಾಗೆ ಆಡ್ದೆ ಅಂತ ಒಂದ್ ಮಾತು ಹೇಳೂಕೆ ಆಗ್ಲಿಲ್ವನಾ?"

ಮರುದಿನ ಪಕ್ಕದ ಮನೆಯ ಟಿವಿಯಲ್ಲಿ ಪಂದ್ಯ ಬಂತು. ನನ್ನ ಮಾತಿತ್ತು, ಜನರ ನಗುವಿತ್ತು. ಅಕ್ಕನ ದಾಳಿ ಒಂದೂ ಇರಲಿಲ್ಲ. ಅವಳು ಎದ್ದು ಹೋದಳು. ಮತ್ತೆಂದೂ ಆಡಲಿಲ್ಲ.

ಮಕ್ಕಳೇ, ಅದಾಗಿ ಐವತ್ತು ವರ್ಷ ದಾಟಿತು. ಈಗ ನೀವು ಹುಡುಗಿಯರ ಕಬಡ್ಡಿಯನ್ನು ಕೂಗಾಡಿಕೊಂಡು ನೋಡುತ್ತೀರಿ. ಹೆಂಗಸೊಬ್ಬರು ವಿವರಣೆ ಕೊಡುತ್ತಾರೆ. ಯಾರ ಹಿಡಿತ ಸಡಿಲವಾಯಿತು, ಯಾರ ಬೆರಳು ಗೆರೆ ಮುಟ್ಟಿತು ಎಂದು ಎಲ್ಲವನ್ನೂ ಹೇಳುತ್ತಾರೆ. ಮೊನ್ನೆ ನೀವು ಕೇಳಿದಿರಿ, "ಅಜ್ಜಾ, ದೊಡ್ಡಜ್ಜಿ ಆ ದಿನ ಎಷ್ಟು ಜನರನ್ನ ಔಟ್ ಮಾಡಿದ್ಲು?"

ಮೈಕು ಹಿಡಿದು ನಿಂತಿದ್ದವನು ನಾನೇ. ಆದರೂ ನನಗೆ ಗೊತ್ತಿಲ್ಲ. ಸದಾಶಿವಗಡದ ಅವಳ ಮನೆಗೆ ಹೋದಾಗ ಅವಳನ್ನೇ ಕೇಳಿ. ಇಷ್ಟು ವರ್ಷವಾದರೂ ನನಗೆ ಕೇಳಲು ಬಾಯಿ ಬಂದಿಲ್ಲ.