ಅಕ್ಕನ ಮೊಲ ತಿನ್ನದೆ ಕೂತ ದಿನಗಳು

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಗದಗಿನ ಬಾಡಿಗೆ ಮನೆ ಬಿಟ್ಟು ನಾಗಪುರಕ್ಕೆ ಬಂದು ನನ್ನ ಜೊತೆ ಇದ್ದಾಳೆ. ನಾನು ಮದುವೆಯಾದವಳಲ್ಲ. ರೈಲ್ವೆಯ ವಿಭಾಗೀಯ ಕಚೇರಿಯಲ್ಲಿ ನೌಕರರ ರಜೆ, ಬಡ್ತಿಗಳ ಕಡತ ನೋಡುವ ಕೆಲಸ ನನ್ನದು. ಅಜನಿಯ ಕ್ವಾರ್ಟರ್ಸಿನಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆ. ಆ ಮನೆಗೆ ನಾಲ್ಕು ವರ್ಷಗಳ ಹಿಂದೆ ಒಂದು ಬಿಳಿ ಹೆಣ್ಣು ಮೊಲ ಬಂತು. ಮೇಲಿನ ಮನೆಯವರಿಗೆ ಭುಸಾವಳಕ್ಕೆ ವರ್ಗವಾದಾಗ, ಅಲ್ಲಿ ಮನೆ ಸಿಕ್ಕ ಕೂಡಲೇ ಒಯ್ಯುತ್ತೇವೆ ಎಂದು ಹೇಳಿ ಬಿಟ್ಟುಹೋದರು, ಮತ್ತೆ ಬರಲಿಲ್ಲ.

ಮೊದಲ ವಾರ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಾಡಿದಳು. ಎರಡನೆಯ ವಾರ ಕೊತ್ತಂಬರಿ ದಂಟು ಹಾಕತೊಡಗಿದಳು. ತಿಂಗಳು ತುಂಬುವುದರೊಳಗೆ ಅದು ಅವಳ ಬಾಯಲ್ಲಿ 'ಕೂಸು' ಆಗಿತ್ತು. ಆ ಕಟ್ಟಡದಲ್ಲಿ ಕನ್ನಡದವರು ನಾವಿಬ್ಬರೇ, ನಾನು ಹಗಲೆಲ್ಲ ಕಚೇರಿಯಲ್ಲಿ. ಅಕ್ಕನ ಕನ್ನಡವೆಲ್ಲ ಆ ಮೊಲದ ಕಿವಿಗೆ ಹೋಗುತ್ತಿತ್ತು. ಮಧ್ಯಾಹ್ನ ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು.

ಅಕ್ಕನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊಲವನ್ನು ಮುಟ್ಟಿ ಗುರುತಿಸುತ್ತಿದ್ದಳೇ ಹೊರತು ಕಣ್ಣಿಗೆ ಅದು ಬರಿಯ ಬಿಳಿ ಗುಡ್ಡೆ. ಕಣ್ಣಿನ ಆಪರೇಷನ್ನಿಗೆ ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ಮುಂದೆ ಹಾಕಿದ್ದಳು. ಎರಡನೆಯ ಸಲ ಕಾರಣ ಮೊಲವೇ. ಅದು ಒಂದು ದಿನ ಸರಿಯಾಗಿ ತಿಂದಿರಲಿಲ್ಲ, ಅಷ್ಟೆ.

ಮೂರನೆಯ ಸಲ ದಿನ ಗೊತ್ತಾದದ್ದು ಫೆಬ್ರವರಿಯಲ್ಲಿ. ಅದಕ್ಕೆ ಹತ್ತು ದಿನ ಮೊದಲು, ಬೆಳಿಗ್ಗೆ ಮೊಲ ಉಚ್ಚೆ ಹೊಯ್ಯುವ ತಟ್ಟೆ ತೊಳೆಯಲು ಹೋದಾಗ ಅದರಲ್ಲಿ ಹಾಸಿದ ಕಾಗದ ಕೆಂಪಾಗಿದ್ದುದನ್ನು ಕಂಡೆ. ಹಿಂದಿನ ದಿನ ಬೀಟ್‌ರೂಟಿನ ಸಿಪ್ಪೆ ಹಾಕಿದ್ದು ನೆನಪಿತ್ತು. ಬೀಟ್‌ರೂಟ್ ತಿಂದರೆ ಮೊಲದ ಮೂತ್ರ ಕೆಂಪಾಗುತ್ತದೆಂದು ಎಲ್ಲೋ ಓದಿದ್ದೆ. ಅದನ್ನೇ ನಂಬಿದೆ. ವಾರದ ಮೇಲೆ ಮತ್ತೆ ಕೆಂಪಾಯಿತು. ಆಗ ಮನೆಯಲ್ಲಿ ಬೀಟ್‌ರೂಟ್ ಇರಲಿಲ್ಲ. ಕಾಗದವನ್ನು ಮಡಚಿ ಕಸದ ಬುಟ್ಟಿಯ ತಳಕ್ಕೆ ಹಾಕಿದೆ. ಅಕ್ಕನಿಗೆ ಹೇಳಿದರೆ ಕಣ್ಣಿನ ಕೆಲಸ ಮತ್ತೆ ನಿಲ್ಲುತ್ತದೆ, ಮೊದಲು ಅದು ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡೆ. ಆಪರೇಷನ್ ಮುಗಿಯಿತು. ಒಂದು ತಿಂಗಳು ಅಕ್ಕ ಬಗ್ಗುವಂತಿರಲಿಲ್ಲ, ದಿನಕ್ಕೆ ನಾಲ್ಕು ಸಲ ಔಷಧ ಹಾಕಬೇಕಿತ್ತು. ಮಾರ್ಚ್ ತಿಂಗಳು ಕಚೇರಿಯ ಗದ್ದಲದಲ್ಲಿ ಕಳೆಯಿತು. ಒಮ್ಮೊಮ್ಮೆ ತಟ್ಟೆ ಸ್ವಚ್ಛವಾಗಿಯೇ ಇರುತ್ತಿತ್ತು, ಅಂಥ ದಿನ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಏಪ್ರಿಲ್ ಮೊದಲ ವಾರ ಕಚೇರಿಯಿಂದ ಬಂದಾಗ ಅಕ್ಕ ಆ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಬೆಳಕಿನಲ್ಲಿ ನಿಂತಿದ್ದಳು.

"ಇದು ರಕ್ತ ಐತಿ," ಅಂದಳು. "ಯಾವಾಗಿಂದ ಹಿಂಗ ಆಗಾಕತ್ತೇತಿ?"

"ಒಂದ್ ವಾರ ಆತು," ಅಂದೆ.

ನಾಗಪುರದಲ್ಲಿ ನಾಯಿ, ಬೆಕ್ಕು ನೋಡುವ ಡಾಕ್ಟರರು ಬಹಳ ಮಂದಿ. ಮೊಲವನ್ನು ಮುಟ್ಟುವವರು ಕಡಿಮೆ. ಧಂತೋಲಿಯಲ್ಲಿ ಎಲ್ಲರೂ 'ಡಾಕ್ಟರ್ ಬಾಯಿ' ಎನ್ನುವ ಒಬ್ಬ ಮಹಿಳಾ ವೈದ್ಯರು ಇದ್ದಾರೆಂದು ತಿಳಿದು ಮರುದಿನವೇ ಆಟೋದಲ್ಲಿ ಒಯ್ದೆವು. ಅವರು ಹೊಟ್ಟೆಯನ್ನು ಎರಡು ಬೆರಳಿನಿಂದ ಒತ್ತಿ ನೋಡಿ, ಎಕ್ಸ್‌ರೇ ಫೋಟೋ ತೆಗೆಸಿ, ಗರ್ಭಕೋಶದಲ್ಲಿ ಗಂಟಿದೆ, ತೆಗೆಯಲೇಬೇಕು ಎಂದು ಹಿಂದಿಯಲ್ಲಿ ಹೇಳಿದರು. ಎಷ್ಟು ದಿನದಿಂದ ರಕ್ತ ಹೋಗುತ್ತಿದೆ ಎಂದು ಕೇಳಿದಾಗ ಅಕ್ಕ ನನ್ನ ಕಡೆ ನೋಡಿದಳು. ನಾನು ಮತ್ತೆ ಒಂದು ವಾರವೆಂದೆ.

ಆಪರೇಷನ್ನಿನ ದಿನದಿಂದ ನಾನು ರಜೆ ಹಾಕಿದೆ. ಕಾರಣವೆಂದು ಮೊಲದ ಹೆಸರು ಬರೆಯಲು ನಾಚಿಕೆಯಾಗಿ, ಅಕ್ಕನಿಗೆ ಜ್ವರವೆಂದು ಬರೆದೆ. ಆಸ್ಪತ್ರೆಯ ಮುಂದೆ ಬೇವಿನ ಮರದ ಕೆಳಗೆ ಒಂದು ಬೆಂಚು. ಹನ್ನೊಂದು ಗಂಟೆಗೇ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು, ಖಾಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ತಾಸು ಕೂತಳು. ಹಣೆಯ ಮೇಲೆ ಬೆವರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ನೀರು ಕುಡಿ ಅಂದರೆ, ಅದು ಎದ್ದಮೇಲೆ ಕುಡಿಯುತ್ತೇನೆ ಅಂದಳು.

ಡಾಕ್ಟರ್ ಬಾಯಿ ಹೊರಗೆ ಬಂದು ಗಂಟು ನಿಂಬೆಹಣ್ಣಿನಷ್ಟಿತ್ತು, ತೆಗೆದಿದ್ದೇನೆ ಅಂದರು. ಈಗ ಹೊಲಿಗೆಗಿಂತ ಹೊಟ್ಟೆಯ ಚಿಂತೆ ದೊಡ್ಡದು. ಮೊಲ ತಿನ್ನುವುದನ್ನು ಬಿಟ್ಟರೆ ಕರುಳು ನಿಂತುಬಿಡುತ್ತದೆ. ಎರಡು ತಾಸಿಗೊಮ್ಮೆ ಸಿರಿಂಜಿನಿಂದ ತಿನ್ನಿಸಿ, ಹಿಕ್ಕೆ ಬಿದ್ದ ಕೂಡಲೇ ನನಗೆ ಫೋನ್ ಮಾಡಿ ಅಂದರು.

ಮನೆಗೆ ತಂದು ಹಳೆಯ ಸೀರೆಯ ಮೇಲೆ ಮಲಗಿಸಿದೆವು. ಕೂಲರಿನ ಗಾಳಿ ನೇರವಾಗಿ ಬೀಳಬಾರದೆಂದು ಅದರ ಮುಖ ಗೋಡೆಗೆ ತಿರುಗಿಸಿದೆವು. ಮೊಲ ಮೂಲೆಗೆ ಸರಿದು, ಬೆನ್ನು ಬಾಗಿಸಿ, ಕಣ್ಣು ಅರೆ ಮುಚ್ಚಿ ಕೂತಿತು. ಅಕ್ಕ ನನ್ನನ್ನು ಗರಿಕೆ ತರಲು ಟೇಕಡಿ ಗಣಪತಿ ಗುಡಿಯ ಮುಂದಿನ ಹೂವಿನವರ ಹತ್ತಿರ ಕಳಿಸಿದಳು. ನಾಲ್ಕು ಕಟ್ಟು ಕೇಳಿದಾಗ ಮಾರುವವಳು ಮನೆಯಲ್ಲಿ ದೊಡ್ಡ ಪೂಜೆಯೇ ಎಂದು ಕೇಳಿದಳು. ಹೌದೆಂದೆ. ತಂದ ಗರಿಕೆಯನ್ನು ಮೊಲ ಮೂಸಲಿಲ್ಲ. ಮುಖ ಆಚೆ ತಿರುಗಿಸಿತು.

ಮೊಲಕ್ಕೆಂದು ಅಂಗಡಿಯಿಂದ ತಂದ ಕಾಳನ್ನು ನೆನೆಸಿ, ಕೊತ್ತಂಬರಿ ಅರೆದು, ತೆಳ್ಳಗೆ ಸೋಸಿ ಅಕ್ಕ ತಯಾರು ಮಾಡುತ್ತಿದ್ದಳು. ಅವಳು ಮೊಲವನ್ನು ಟವೆಲಿನಲ್ಲಿ ಸುತ್ತಿ ಹಿಡಿಯುವುದು, ನಾನು ತುಟಿಯ ಅಂಚಿನಿಂದ ಸೂಜಿಯಿಲ್ಲದ ಸಿರಿಂಜು ಒತ್ತುವುದು. ಅರ್ಧ ಒಳಗೆ ಹೋದರೆ ಅರ್ಧ ಗದ್ದದ ಕೂದಲಿಗೆ ಅಂಟುತ್ತಿತ್ತು. ಮೊದಲ ದಿನ ಹಿಕ್ಕೆ ಬೀಳಲಿಲ್ಲ. ಎರಡನೆಯ ದಿನ ಮಧ್ಯಾಹ್ನದವರೆಗೂ ಬೀಳಲಿಲ್ಲ. ಅಕ್ಕ ಹೊಸ ಕಣ್ಣಿನಿಂದ ಸೀರೆಯ ಮಡಿಕೆಗಳನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದಳು.

"ಒಂದ್ ವಾರದಾಗ ಗೊತ್ತಾತು, ಚಲೋ ಆತು," ಎಂದಳು ನನಗೆ. "ತಡಾ ಆಗಿದ್ರ ಏನ್ ಗತಿ ಆಗ್ತಿತ್ತೋ."

ನನಗೆ ಅದನ್ನು ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ.

"ಅಕ್ಕಾ, ಒಂದ್ ವಾರ ಅಲ್ಲ. ನಿನ್ನ ಕಣ್ಣಿನ ಆಪರೇಷನ್ನಿಗಿಂತ ಮೊದಲಿಂದ ಐತಿ. ನಾ ನೋಡಿದ್ದೆ."

ಅವಳು ಮೊಲದ ಬೆನ್ನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. "ಡಾಕ್ಟರಿಗೆ ಫೋನ್ ಮಾಡಿ ಖರೇ ಹೇಳು," ಅಂದಳು. ಮಾಡಿದೆ. ಹಾಗಿದ್ದರೆ ಗಂಟಿನ ಬೇರು ಎದೆಗೂ ಹೋಗಿರಬಹುದು, ಫೋಟೋದಲ್ಲಿ ಸಣ್ಣದು ಕಾಣುವುದಿಲ್ಲ, ಈಗ ಮಾಡುವಂಥದ್ದು ಬೇರೆ ಏನೂ ಇಲ್ಲ, ಉಸಿರಾಟದ ಮೇಲೆ ಕಣ್ಣಿಡಿ ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ನನ್ನೊಡನೆ ಮಾತು ಬಿಟ್ಟಳು. ಆದರೆ ಎರಡು ತಾಸಿಗೊಮ್ಮೆ ತಿನ್ನಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹೊತ್ತಾದಾಗ ಅವಳು ಮೊಲವನ್ನು ಸುತ್ತಿಕೊಂಡು ನೆಲದ ಮೇಲೆ ಕೂರುತ್ತಿದ್ದಳು, ನಾನು ಬಂದು ಎದುರಿಗೆ ಕೂರುತ್ತಿದ್ದೆ. ನಮ್ಮ ಮೊಣಕಾಲುಗಳು ತಾಗುತ್ತಿದ್ದವು. ಮೊಲ ತಲೆ ಕೊಡವಿದಾಗ ಅವಳು ಅದರ ಕಿವಿಯಲ್ಲಿ, "ಇಷ್ಟ ಕುಡಿ ನನ್ನವ್ವಾ, ಇನ್ನೊಂದ್ ಗುಟುಕ," ಎನ್ನುವಳು. ಆ ಮಾತು ಮುಗಿದ ಕೂಡಲೇ ಮುಖ ಬಿಗಿಯುವುದು. ನನಗೆ ಬಡಿಸಿಟ್ಟ ತಟ್ಟೆ ಅಡುಗೆಮನೆಯ ಕಟ್ಟೆಯ ಮೇಲಿರುತ್ತಿತ್ತು. ಅವಳು ಉಂಡಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಮೂರನೆಯ ದಿನ ನಾನು ಸ್ನಾನದಲ್ಲಿದ್ದಾಗ ನನ್ನ ಫೋನು ರಿಂಗಾಯಿತು. ಅಕ್ಕ ಎತ್ತಿದಳು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಮರಾಠಿ ಬಾಯಿ, ನಿಮ್ಮ ತಬ್ಬೇತು ಹೇಗಿದೆ ಎಂದು ಅಕ್ಕನನ್ನೇ ಕೇಳಿದರಂತೆ. ಅಕ್ಕ ಹಿಂದಿಯಲ್ಲಿ, ಈಗ ಪರವಾಗಿಲ್ಲ, ತಂಗಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ ಅನ್ನುವುದು ನನಗೆ ಬಚ್ಚಲಿನಲ್ಲಿ ಕೇಳಿಸಿತು. ಹೊರಗೆ ಬಂದಾಗ ಅವಳು ಫೋನನ್ನು ನನ್ನ ಕೈಗಿಟ್ಟಳು.

"ನಂಗ ಏನ್ ಬ್ಯಾನಿ ಆಗೇತಿ ಅಂತ ಬರದೀ?"

"ಜ್ವರ."

"ಇನ್ನೂ ಎಷ್ಟ್ ಸುಳ್ಳ ಅದಾವ ನೋಡ್ಕೊ, ಒಮ್ಮೆ ಹೇಳಿಬಿಡು," ಅಂದು ಒಳಗೆ ಹೋದಳು. ಒಂದು ಸಂಜೆ ಒಂದು ರಾತ್ರಿ ಕಳೆದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು. ಕಹಿಯಾಗಿದ್ದರೂ ಮಾತು ಮಾತೇ.

ಅದೇ ಸಂಜೆ ಸೀರೆಯ ಮೇಲೆ ಮೂರು ಹಿಕ್ಕೆ ಬಿದ್ದಿದ್ದವು. ಮೆಣಸಿನ ಕಾಳಿಗಿಂತ ಸಣ್ಣವು, ಒಂದಕ್ಕೊಂದು ಕೂದಲಿನಿಂದ ಅಂಟಿಕೊಂಡವು. ಅಕ್ಕ ಅಂಗೈಯ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದು ನನ್ನನ್ನು ಕರೆದಳು. ಡಾಕ್ಟರ್ ಬಾಯಿಗೆ ಫೋನ್ ಮಾಡಿದೆ, ಅವರ ಧ್ವನಿಯಲ್ಲಿಯೂ ಸಂತೋಷವಿತ್ತು. ಮರುದಿನ ಅದು ತಾನಾಗಿಯೇ ಗರಿಕೆಯ ಎರಡು ಎಸಳು ಎಳೆದುಕೊಂಡು ತಿಂದಿತು. ಅಕ್ಕ ಆ ದಿನ ನನ್ನ ಜೊತೆ ಕೂತು ಉಂಡಳು. ನಾಳೆ ಕಚೇರಿಗೆ ಹೋಗು, ನಾನೊಬ್ಬಳೇ ಸಂಭಾಳಿಸುತ್ತೇನೆ ಅಂದಳು.

ಹೋದೆ. ಹನ್ನೆರಡೂವರೆಗೆ ಅಕ್ಕನ ಫೋನು ಬಂತು.

"ಕೂಸು ಹ್ಯಾಂಗ ಐತಿ?" ಎಂದು ಕೇಳಿದೆ.

"ನೀ ಜಲ್ದಿ ಮಾಡಬ್ಯಾಡ," ಅಂದಳು. ಧ್ವನಿ ಸಮವಾಗಿತ್ತು. "ಡಬ್ಬಿ ಉಂಡು, ಬಿಸಲ ಇಳದ ಮ್ಯಾಲ ಬಾ."

ನಾನು ಡಬ್ಬಿ ಬಿಚ್ಚಲಿಲ್ಲ. ಸಾಹೇಬರಿಗೆ ಹೇಳಿ ಆಟೋ ಹಿಡಿದೆ. ದಾರಿಯಲ್ಲಿ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು, ಎಲ್ಲ ಹೆಂಗಸರೂ ಓಢಣಿಯಿಂದ ಮುಖ ಸುತ್ತಿಕೊಂಡಿದ್ದರು. ನಾನೂ ಸುತ್ತಿಕೊಂಡೆ. ಅಳುವುದಕ್ಕೆ ಅದು ಅನುಕೂಲವಾಯಿತು.

ಅಕ್ಕ ಮೊಲವನ್ನು ಅದೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಗದ್ದದ ಕೂದಲಿಗೆ ಅಂಟಿದ್ದನ್ನೆಲ್ಲ ಒದ್ದೆ ಬಟ್ಟೆಯಿಂದ ತೊಳೆದು ಒರೆಸಿದ್ದಳು. ಅದು ಬಂದ ದಿನದಷ್ಟೇ ಬೆಳ್ಳಗಿತ್ತು.

ಸಂಜೆ ಕ್ವಾರ್ಟರ್ಸಿನ ಹಿಂದೆ ಪೇರಲ ಗಿಡದ ಪಕ್ಕ ಅಗೆಯಲು ಹೋದೆವು. ಕರಿಮಣ್ಣು ಬಿರುಕುಬಿಟ್ಟು ಕಲ್ಲಾಗಿತ್ತು. ಕುರ್ಪಿ ಇಳಿಯಲಿಲ್ಲ. ಎರಡು ಬಕೆಟ್ ನೀರು ಸುರಿದು, ಅದು ಇಂಗಿ ಮಣ್ಣು ಮೆತ್ತಗಾಗಲಿ ಎಂದು ಪಕ್ಕದಲ್ಲಿ ಕೂತೆವು. ಆಗ ಅಕ್ಕ ಹೇಳಿದಳು:

"ಮುಂಜಾನೆ ಚಲೋನ ಇತ್ತು. ಹನ್ನೊಂದಕ್ಕ ಉಸರ ಜೋರಾತು. ಬಾಯಿ ತಕ್ಕೊಂಡ ಉಸರ ಬಿಡಾಕತ್ತು. ಡಾಕ್ಟರಿಗೆ ಫೋನ್ ಮಾಡಿದ್ನಿ, ಕರಕೊಂಡ ಬರ್ರಿ ಅಂದ್ರು. ಬುಟ್ಟಿ ತಂದೆ. ಅದು ಬುಟ್ಟಿಗೆ ಹೋಗಲಿಲ್ಲ. ನನ್ನ ಅಂಗೈ ಮ್ಯಾಲ ಗದ್ದ ಇಟ್ಟಿತು. ನಾ ಹಂಗ ಕೂತೆ. ಭಾಳ ಹೊತ್ತ ತಗೋಲಿಲ್ಲ."

"ನಂಗ ಆವಾಗ ಯಾಕ ಫೋನ್ ಮಾಡಲಿಲ್ಲ?"

"ಒಂದ ಕೈ ಅಷ್ಟ ಖಾಲಿ ಇತ್ತು," ಅಂದಳು. "ಆ ಕೈಲೆ ಅದನ್ನ ಸವರಾಕತ್ತಿದ್ನಿ."

ಕ್ಷಮಿಸು ಎಂದು ಹೇಳಬೇಕೆಂದು ಬಾಯಿ ತೆರೆದೆ. ಅವಳು ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, "ಈಗ ಅಗಿ, ಮೆತ್ತಗಾಗೇತಿ," ಅಂದಳು. ನಾನು ಅಗೆದೆ.

ಆ ವಿಷಯವನ್ನು ಆಮೇಲೆ ನಾವಿಬ್ಬರೂ ಎತ್ತಿಲ್ಲ. ಅವಳು ಕ್ಷಮಿಸಿದ್ದಾಳೋ ಇಲ್ಲವೋ ನನಗೆ ತಿಳಿಯದು. ಮಧ್ಯಾಹ್ನ ಅವಳು ಯಾರ ಜೊತೆ ಮಾತಾಡುತ್ತಾಳೆಂದು ಕೇಳುವ ಧೈರ್ಯವೂ ಆಗಿಲ್ಲ. ಹೋದ ತಿಂಗಳು ಅವಳ ರಕ್ತದ ರಿಪೋರ್ಟ್ ತಂದೆ. ಸಕ್ಕರೆ ಬಹಳ ಏರಿತ್ತು. ಮನೆಗೆ ಬಂದವಳೇ ಚಪ್ಪಲಿ ಕಳಚದೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಓದಿ ಹೇಳಿದೆ, ಒಂದು ಅಂಕಿಯನ್ನೂ ಬಿಡಲಿಲ್ಲ. ಅಕ್ಕ ಕೊನೆಯವರೆಗೆ ಕೇಳಿದಳು. ಆಮೇಲೆ ಒಳಗೆ ಹೋಗಿ ತನ್ನ ಚಹಾವನ್ನು ಸಪ್ಪಗೆ ಮಾಡಿಕೊಂಡು, ನನ್ನದಕ್ಕೆ ಸಕ್ಕರೆ ಹಾಕಿ ತಂದುಕೊಟ್ಟಳು.