ನಾಲ್ಕು ಬೆರಳಿನ ಸಂದು

ಪಟ್ಟೆ ಮಾಮನ ಎಡಗೈಯ ನಾಲ್ಕು ಬೆರಳುಗಳಿಗೆ ಸದಾ ಗ್ರೀಸಿನ ಮಸಿ, ಹೆಬ್ಬೆರಳು ಮಾತ್ರ ಚೊಕ್ಕಟ. ಲೋಡಾದ ಗಾಡಿ ಅವರ ಶೆಡ್ಡಿನ ಮುಂದೆ ನಿಂತರೆ ಬಗ್ಗಿ, ಆ ನಾಲ್ಕು ಬೆರಳನ್ನು ಹಿಂದಿನ ಅಚ್ಚಿಗೂ ಅದರ ಮೇಲಿನ ಚಾಸಿಯ ಚೌಕಟ್ಟಿಗೂ ನಡುವಿನ ಸಂದಿಗೆ ತೂರಿಸುತ್ತಿದ್ದರು. ನಾಲ್ಕೂ ಹಿಡಿಸಿದರೆ ಹೊರಡಬಹುದು, ಇಲ್ಲದಿದ್ದರೆ ಭಾರ ಇಳಿಸಬೇಕು. ತಮಿಳು ಸೀಮೆಯ ನಮ್ಮ ಸೋಮನೂರಿನ ಡ್ರೈವರುಗಳಿಗೆ ಅದಕ್ಕಿಂತ ದೊಡ್ಡ ಕಾನೂನು ಇರಲಿಲ್ಲ.

ಅಮ್ಮನ ಕಡೆಯ ನೆಂಟರು. ನಮ್ಮ ಹಾಗೆ ಮಗ್ಗದ ಮನೆಯಲ್ಲೇ ಹುಟ್ಟಿ, ಅದರ ಸದ್ದು ಸಾಕಾಯಿತೆಂದು ಕುಲುಮೆ ಹಾಕಿಕೊಂಡವರು. ಕುಲುಮೆಯೇನು ಜೋಗುಳ ಹಾಡುತ್ತದಾ ಎಂದು ಅಮ್ಮ ಛೇಡಿಸುತ್ತಿದ್ದಳು. ಜೀಪುಗಳ ಅಡಿಯಲ್ಲಿ ಭಾರ ಹೊರುವ ಸ್ಪ್ರಿಂಗ್ ಪಟ್ಟೆಗಳನ್ನು ಕಾಯಿಸಿ, ಬಡಿದು, ಮತ್ತೆ ಬಾಗಿಸಿ ಕೊಡುವುದು ಅವರ ಕೆಲಸ. ಊರಿಗೆಲ್ಲ ಪಟ್ಟೆ ಮಾಮ. ಎಂಬತ್ತರ ದಶಕದ ಆ ದಿನಗಳಲ್ಲಿ ಎಲ್ಲರಿಗೂ ಒಂದೇ ಹುಚ್ಚು: ಇನ್ನೆರಡು ಪಟ್ಟೆ ಸೇರಿಸಿ, ಹಿಂದೆ ಟ್ರೇಲರ್ ಕಟ್ಟಿ, ಒಂದೇ ಸಲಕ್ಕೆ ಎಲ್ಲ ಸಾಗಿಸಿಬಿಡಬೇಕು. ಹಾಗೆ ಕೇಳಿ ಬಂದವರಿಗೆ ಅವರದು ಒಂದೇ ಪ್ರಶ್ನೆ. "ಪಟ್ಟೆ ಸೇರ್ಸಿದ್ರೆ ವಂಡಿ ಹಿಂದೆ ಎತ್ರ ಆಗ್ತದೆ. ಬ್ರೇಕು ದೊಡ್ದಾಗ್ತದಾ?"

ಪಟ್ಟೆ ಸೇರಿಸಿ ಕೊಡಿ ಅಂದಿದ್ದ ನನಗೂ ಅದೇ ಪ್ರಶ್ನೆ ಎದುರಾಗಿತ್ತು. ನನಗೆ ಆಗ ಮದುವೆಯಾಗಿ ಆರು ತಿಂಗಳು. ಅಪ್ಪನ ಪಿಕಪ್ ಜೀಪು ಕೈಗೆ ಬಂದು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಪಕ್ಕದೂರು ಪಲ್ಲಡಕ್ಕೆ ಮೂರು ಕಬ್ಬಿಣದ ಮಗ್ಗ ಸಾಗಿಸಬೇಕಿತ್ತು. ಮೂರನ್ನೂ ಎರಡು ಚಕ್ರದ ಟ್ರೇಲರಿಗೆ ಹೇರಿ ಅವರ ಮುಂದೆ ನಿಲ್ಲಿಸಿದೆ. ಜೀಪಿನ ಸಂದಿಗೆ ಎರಡೇ ಬೆರಳು ಹಿಡಿಸಿದವು. ಒಂದು ಮಗ್ಗ ಇಳಿಸು, ಎರಡು ಸಲ ಹೋಗು ಅಂದರು.

ನಮ್ಮ ಮಗ್ಗದ ಶೆಡ್ಡಿಗೆ ಹಿಂತಿರುಗಿದೆ, ಆದರೆ ಇಳಿಸಲಿಲ್ಲ. ಕೂಲಿಯವರ ಕೈಲಿ ಮೂರೂ ಮಗ್ಗಗಳನ್ನು ಟ್ರೇಲರಿನ ಹಿಂಬದಿಗೆ ತಳ್ಳಿಸಿದೆ. ಹಿಂದೆ ಭಾರವಾಗಿ ಟ್ರೇಲರಿನ ಮೂತಿ ಎದ್ದಿತು, ಅದರ ಜೊತೆಗೆ ಜೀಪಿನ ಬೆನ್ನೂ ಎದ್ದಿತು. ಮೇಲೆ ಟಾರ್ಪಾಲು ಹೊದಿಸಿ ಮತ್ತೆ ಹೋದೆ. ಈಗ ನಾಲ್ಕೂ ಬೆರಳು ಸಲೀಸಾಗಿ ಹಿಡಿಸಿದವು.

"ಒಂದು ಇಳ್ಸಿದ್ಯಾ ತಂಬಿ?"

"ಇಳ್ಸಿದೆ ಮಾಮ."

ಅವರು ಟಾರ್ಪಾಲು ಎತ್ತಲಿಲ್ಲ. ಪಲ್ಲಡದಲ್ಲಿ ಕಬ್ಬಿಣ ಕೊಳ್ಳುವುದಿದೆ ಎಂದು ನನ್ನ ಪಕ್ಕ ಹತ್ತಿ ಕೂತರು.

ಇಳಿಜಾರಿನಲ್ಲಿ ಟ್ರೇಲರ್ ಬಾಲ ಅಲ್ಲಾಡಿಸತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಜೀಪನ್ನೇ ಅತ್ತಿತ್ತ ಎಳೆದಾಡುವಷ್ಟು. ಹಿಂದೆ ಭಾರವಾದ ಟ್ರೇಲರ್ ಹಾಗೆ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಬ್ರೇಕ್ ತುಳಿಯಬೇಡ ಎಂದು ಅವರು ಹೇಳುತ್ತಲೇ ಇದ್ದರು, ನಾನು ತುಳಿದೆ. ಜೀಪು ಎಡಕ್ಕೆ ಮಗುಚಿತು. ಬಾಗಿಲನ್ನು ಹೊರಗಿನಿಂದ ಹಿಡಿದಿದ್ದ ಅವರ ಎಡಗೈ ಅಡಿಯಲ್ಲಿ ಸಿಕ್ಕಿತು.

ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದವು. ಆಸ್ಪತ್ರೆಗೆ ಓಡಿಬಂದ ಅಪ್ಪನಿಗೆ ಅವರು, ಭಾವ, ಲೋಡು ನೋಡಿ ಸರಿ ಅಂದವನು ನಾನು, ಅವನನ್ನು ಬೈಯಬೇಡಿ ಎಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಇಕ್ಕಳ ಹಿಡಿಯಲಾಗದೆ ಕುಲುಮೆ ಆರಿತು. ಶೆಡ್ಡಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಡ್ರೈವರುಗಳು ಆಗಲೂ ಬಂದು ಗಾಡಿ ತೋರಿಸುತ್ತಿದ್ದರು. ನಾನು ಅಲ್ಲಿದ್ದರೆ ನನ್ನ ಮಣಿಕಟ್ಟು ಹಿಡಿದು, ನನ್ನ ಬೆರಳುಗಳನ್ನು ಸಂದಿಗೆ ತೂರಿಸಿ ಅಳೆಯುತ್ತಿದ್ದರು. ಅದಕ್ಕೆ ಮೊದಲು ಟಾರ್ಪಾಲು ಎತ್ತು ಅನ್ನುತ್ತಿದ್ದರು.

ಮೂರನೇ ವರ್ಷ ಅವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು, ಅವತ್ತು ನಾನು ಮಗ್ಗ ಇಳಿಸಿರಲಿಲ್ಲ ಎಂದು ಹೇಳಿಬಿಟ್ಟೆ.

"ಮೂರೂ ರೋಡಲ್ಲೇ ಬಿದ್ದಿದ್ವಲ್ಲ, ಎಣ್ಸೋಕೆ ಬರಲ್ವಾ ನಂಗೆ?" ಎಂದರು. ಆಮೇಲೆ ನನ್ನ ಕಡೆ ಹೊರಳಿ, "ಒಂದು ಇಳ್ಸು ಅಂದಿದ್ದೆ ಅಂತ ನಾನು ಹೇಳಿದ್ರೆ, ನಿಮ್ಮಪ್ಪ ನಿನ್ ಕೈಗೆ ಮತ್ತೆ ವಂಡಿ ಕೊಡ್ತಿದ್ರಾ?"

ಆ ವಾರ ಕಳೆಯುವ ಮುಂಚೆ ಅವರು ಹೋದರು. ಆಮೇಲೆ ಮೂವತ್ತು ವರ್ಷ ಗಾಡಿ ಓಡಿಸಿಯೇ ನಾನು ಮನೆ ನಡೆಸಿದೆ, ಅವರು ಅವತ್ತು ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದರಿಂದ.