ಸತ್ಯವತಿ ಇಡಿಸಿದ ಎರಡನೇ ಉಪವಾಸ

"ಅಮ್ಮಾ, ಸೇತು ಅಮ್ಮ ಆಸ್ಪತ್ರೇಲಿ ಅಜ್ಜಿ ಕೈಯಿಂದ ಪ್ರಸಾದ ಕಿತ್ಕೊಂಡ್ರಂತೆ. ದೇವರಿಗೆ ಕೋಪ ಬರಲ್ವಾ?"

ಇವತ್ತು ಹೂ ಕಟ್ಟುತ್ತಿದ್ದಾಗ ಮಗಳು ವೈಜು ಕೇಳಿದಳು. ಕಿತ್ಕೊಂಡದ್ದು ನಿಜ. ಯಾಕೆ ಅಂತ ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆದಿಡುತ್ತೇನೆ.

ಸೇತುವಿನ ಅಮ್ಮ ಅಂದರೆ ಎದುರುಮನೆ ಸತ್ಯವತಿ. ಗಂಡ ಚಕ್ರಪಾಣಿ ರೈಲ್ವೆ ಗುಮಾಸ್ತರು. ಆರ್‌ಪಿಸಿ ಲೇಔಟಿಗೆ ನಾವೂ ಅವರೂ ಒಂದೇ ವರ್ಷ ಬಂದವರು. ಅವರ ಒಬ್ಬನೇ ಮಗ ಸೇತುರಾಮನಿಗೆ ಆರು ವರ್ಷ. ಹೋದ ವರ್ಷದಿಂದ ಅವನಿಗೆ ಬೆಳಿಗ್ಗೆ ಹೊತ್ತು ಬೆವರು, ತೊದಲು, ಆಮೇಲೆ ಫಿಟ್ಸು. ಮಾತ್ರೆ ನುಂಗಿಸಿದರೂ ನಿಲ್ಲಲಿಲ್ಲ.

ಆ ಮನೆಯಲ್ಲಿ ಪೂಜೆ ಆಗದೆ ಮಕ್ಕಳ ಬಾಯಿಗೂ ಏನೂ ಬೀಳುವಂತಿಲ್ಲ. ಶನಿವಾರ ಅತ್ತೆ ಅನಂತಲಕ್ಷ್ಮಮ್ಮನವರ ಪೂಜೆ ಮುಗಿಯೋ ಹೊತ್ತಿಗೆ ಬಿಸಿಲೇರಿರುತ್ತದೆ. ಹುಡುಗ ಬೀಳುತ್ತಿದ್ದದ್ದೂ ಹೆಚ್ಚಾಗಿ ಶನಿವಾರವೇ. ತೀರ್ಥ, ಕಲ್ಲುಸಕ್ಕರೆ ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದ. "ನೋಡ್ದ್ಯಾ, ಸ್ವಾಮಿ ಕಾಪಾಡ್ದ" ಅನ್ನೋರು ಅತ್ತೆ.

ಸತ್ಯವತಿ ಇದನ್ನು ಹೇಳಿದಾಗ ಆಸ್ಪತ್ರೆಯ ಡಾಕ್ಟರು, ರಕ್ತದಲ್ಲಿ ಸಕ್ಕರೆ ಇಳಿಯುತ್ತಿರಬಹುದು, ವಾರ್ಡಿನಲ್ಲಿ ಉಪವಾಸ ಇಟ್ಟು ನೋಡೋಣ ಅಂದರು. ಇಟ್ಟರು. ಸಕ್ಕರೆ ಸರಿಯಾಗೇ ಇತ್ತು. ಫಿಟ್ಸಿನ ಮಾತ್ರೆಯನ್ನೇ ಮುಂದುವರಿಸಿ ಅಂತ ಕಳಿಸಿದರು.

ವಾಪಸ್ ಬರೋ ಬಸ್ಸಿನಲ್ಲಿ ಸೇತು, "ಅಜ್ಜೀ, ವಾರ್ಡಲ್ಲಿ ಕೊಟ್ಯಲ್ಲ ಕಲ್ಲುಸಕ್ಕರೆ, ಇನ್ನೂ ಇದ್ಯಾ?" ಅಂದ.

ಸತ್ಯವತಿ ಅತ್ತೆಯ ಕಡೆ ತಿರುಗಿದಳು.

"ಮಗು ಹಸ್ಕೊಂಡಿತ್ತು ಕಣೇ. ಪ್ರಸಾದ ತಾನೆ, ತಿಂಡಿ ಅಲ್ವಲ್ಲ!"

ಮುಂದಿನ ಸ್ಟಾಪಿನಲ್ಲೇ ಮಗನನ್ನು ಇಳಿಸಿಕೊಂಡು ಸತ್ಯವತಿ ಆಸ್ಪತ್ರೆಗೆ ವಾಪಸ್ ನಡೆದಳು.

"ಮತ್ತೆ ಉಪವಾಸಾನಾ? ಮಗು ಬಳಲುತ್ತಮ್ಮ," ಅಂದರಂತೆ ಡಾಕ್ಟರು.

"ಬಳಲಲಿ ಸಾರ್. ಈ ಸಲ ನಾನೇ ಕಾವಲು."

ಆ ಎರಡನೇ ಉಪವಾಸದ ದಿನ ನಾನೂ ಹೋಗಿದ್ದೆ. ಸೇತು ಬೆವತು, ತಾಯಿಯನ್ನೇ "ನೀವ್ಯಾರು?" ಅಂದ. ಅಜ್ಜಿ ಅಳುತ್ತ ಸೆರಗಿನ ಗಂಟು ಬಿಚ್ಚಿದರು. ಸತ್ಯವತಿ ಕಿತ್ಕೊಂಡದ್ದು ಆಗಲೇ. "ಮೊದ್ಲು ರಕ್ತ ತೆಗೀಲಿ ಅತ್ತೆ!" ಅವಳು ಮುಷ್ಟಿ ಬಿಚ್ಚಲಿಲ್ಲ. ರಕ್ತ ತೆಗೆದು ಗ್ಲೂಕೋಸ್ ಏರಿಸಿದ್ದೇ ಹುಡುಗ ಕಣ್ಣರಳಿಸಿ, "ಅಮ್ಮಾ, ಇಡ್ಲಿ" ಅಂದ.

ಸಕ್ಕರೆ ತಳ ಕಂಡಿತ್ತು. ಮೇದೋಜೀರಕ ಗ್ರಂಥಿಯಲ್ಲಿ ಸಕ್ಕರೆ ಇಳಿಸೋ ಗಡ್ಡೆ ಇರಬೇಕು, ಮಕ್ಕಳಲ್ಲಿ ಬಲು ಅಪರೂಪ ಅಂದರು. ಆಪರೇಷನ್ ಆಗೋವರೆಗೂ ರಾತ್ರಿ ಹೊತ್ತುಹೊತ್ತಿಗೆ ಎಬ್ಬಿಸಿ ಸಕ್ಕರೆನೀರು ಕುಡಿಸಬೇಕಿತ್ತು. ಅವಳು ಒಂದು ದಿನವೂ ತಪ್ಪಿಸಲಿಲ್ಲ.

"ಎಕ್ಸ್‌ರೇಲಿ ಕಾಣಲ್ಲಮ್ಮ," ಅಂದರು ಸರ್ಜನ್. "ಹೊಟ್ಟೆ ತೆರೆದು ಬೆರಳಲ್ಲೇ ಹುಡುಕ್ಬೇಕು. ಸಿಗದೇನೂ ಇರ್ಬೋದು."

"ಬೇಳೇಲಿರೋ ಕಲ್ಲನ್ನ ನಾನೇ ಕತ್ತಲಲ್ಲಿ ಹುಡುಕ್ತೀನಿ ಸಾರ್. ನೀವು ಇಷ್ಟು ಓದಿದೀರಿ, ಹುಡುಕಿ!"

ಸರ್ಜನ್ ನಕ್ಕುಬಿಟ್ಟರು. ಆಪರೇಷನ್ ದಿನ ನಗುವವರು ಯಾರೂ ಇರಲಿಲ್ಲ. ಮಧ್ಯಾಹ್ನ ಅವರೇ ಹೊರಗೆ ಬಂದು, ಗ್ರಂಥಿಯ ಬಾಲದಲ್ಲಿ ಕಡಲೆಕಾಳಿನಷ್ಟು ಗಡ್ಡೆ ಸಿಕ್ಕಿತು, ಅಷ್ಟು ಭಾಗ ತೆಗೆದಿದ್ದೇವೆ ಅಂದರು. ಅನಂತಲಕ್ಷ್ಮಮ್ಮ ಸೊಸೆಯ ಕೈ ಹಿಡಿದು ಕೂತುಬಿಟ್ಟರು.

ಆಮೇಲೆ ದಿನಾ ಪರೀಕ್ಷೆ ಮಾಡಿದರು. ಉಪವಾಸದಲ್ಲೂ ಸಕ್ಕರೆ ಇಳಿಯಲಿಲ್ಲ. ಇನ್ನು ಎಬ್ಬಿಸಬೇಡಿ, ಮಲಗಲಿ ಅಂತ ಹೇಳಿ ನಿನ್ನೆ ಮನೆಗೆ ಕಳಿಸಿದರು.

ಇವತ್ತು ಸಂಜೆ ಸತ್ಯವತಿ ಸೇತುವಿನ ಕೈ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಕಂಕುಳಲ್ಲಿ ಅವನ ಹಾಸಿಗೆ ಸುರುಳಿ.

"ಇವತ್ತು ಇವನು ನಿಮ್ಮನೇಲಿ ಮಲಗ್ಲಿ ಕಣ್ರೀ. ನಿನ್ನೆ ರಾತ್ರಿ ತಡೀಲಾರದೆ ಎಬ್ಬಿಸಿ ಸಕ್ಕರೆನೀರು ಕುಡಿಸ್ಬಿಟ್ಟೆ. ಬೆಳಿಗ್ಗೆ ಅವನಾಗೇ ಏಳ್ಬೇಕು. ಅಲ್ಲೀವರ್ಗೂ ನಾನು ಎಷ್ಟು ಬಾಗಿಲು ತಟ್ಟಿದ್ರೂ ತೆಗೀಬೇಡಿ."